ರೊಟ್ಟಿ ಪಾಸು ಮಾಡಿದ ಮನೆ

ನೀರು ಕಂಡರೆ ನನ್ನ ಬುದ್ಧಿ ಕೈಗೆ ಸಿಗುವುದಿಲ್ಲ. ಇದನ್ನು ಮೊದಲೇ ಒಪ್ಪಿಕೊಂಡುಬಿಡುವುದು ಒಳ್ಳೆಯದು. ಮುಂದೆ ನಡೆದದ್ದಕ್ಕೆಲ್ಲ ನೀವು ಸುಮ್ಮನೆ ನನ್ನ ಹೆಂಡತಿಯನ್ನೋ ಅವಳ ತಾಯಿಯನ್ನೋ ಬೈಯುವಂತಾಗಬಾರದು. ಬೇರೆಯವರು ಊಟಿ, ಕಾಶ್ಮೀರ ನೋಡಿ ಬಂದು ಫೋಟೊ ತೋರಿಸುತ್ತಾರೆ. ನಾನು ಆಲಮಟ್ಟಿಯ ಹಿನ್ನೀರನ್ನು ಬಸ್ಸಿನ ಕಿಟಕಿಯಿಂದ ನೋಡಿದ್ದನ್ನೇ ವಾರಗಟ್ಟಲೆ ಹೇಳಿಕೊಂಡು ತಿರುಗಿದವನು. ಬಬಲೇಶ್ವರದಲ್ಲಿ ಹುಟ್ಟಿ ಬೆಳೆದವನಿಗೆ ಈ ಚಟ ಇದ್ದರೆ ಯಾರೂ ತಪ್ಪು ತಿಳಿಯಬಾರದು. ನಮ್ಮ ಕಾಲಕ್ಕೆ ನೀರು ಎನ್ನುವುದು ಕೊಡದೊಳಗೆ ಇರುವ ಪದಾರ್ಥವಾಗಿತ್ತು. ಅದು ನೆಲದ ಮೇಲೆ ಕಣ್ಣು ಹಾಯುವಷ್ಟು ದೂರ ಸುಮ್ಮನೆ ಬಿದ್ದಿರುತ್ತದೆ, ಅದರ ದಂಡೆಯ ಮೇಲೆ ಜನ ಮನೆ ಕಟ್ಟಿಕೊಂಡು ಇರುತ್ತಾರೆ ಎಂದು ಭೂಗೋಳದ ಪುಸ್ತಕದಲ್ಲಿ ಓದಿದಾಗ, ಬರೆದವರು ಸ್ವಲ್ಪ ಬಣ್ಣ ಕಟ್ಟಿದ್ದಾರೆ ಎಂದೇ ನಂಬಿದ್ದೆ. ಮುಂದೆ ಅದೇ ಊರಿನ ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನದ ಮಾಸ್ತರನಾಗಿ ಅದೇ ಪಾಠವನ್ನು ಮಕ್ಕಳಿಗೆ ಹೇಳುವ ಪಾಳಿ ಬಂತು. ಸರೋವರ ಎಂದರೇನು ಎಂದು ಕರಿಹಲಗೆಯ ಮೇಲೆ ಬರೆಯುವಾಗ ಸೀಮೆಸುಣ್ಣ ಹಿಡಿದ ಕೈ ಈಗಲೂ ಸ್ವಲ್ಪ ನಿಧಾನವಾಗುತ್ತದೆ.

ನಾವಿದ್ದದ್ದು ವಿಜಯಪುರದ ಹಳೆಯ ಓಣಿಯೊಂದರ ಬಾಡಿಗೆ ಮನೆಯಲ್ಲಿ. ದಿನಾ ಬಸ್ಸಿನಲ್ಲಿ ಬಬಲೇಶ್ವರಕ್ಕೆ ಹೋಗಿ ಪಾಠ ಮಾಡಿ ಸಂಜೆ ನಗರಕ್ಕೆ ಮರಳುವುದು. ಬಬಲೇಶ್ವರದವರಿಗೆ ವಿಜಯಪುರವೇ ಮಹಾನಗರ. ಅಲ್ಲಿ ಮನೆ ಮಾಡಿದವನೆಂದು ನನಗೆ ಊರಲ್ಲಿ ಸ್ವಲ್ಪ ಹೆಚ್ಚಿನ ಮರ್ಯಾದೆಯೂ ಇತ್ತು. ಆ ಮನೆಯನ್ನು ಯಾರೂ ನೋಡಿರಲಿಲ್ಲ ಎನ್ನುವುದು ಅದಕ್ಕೆ ಮುಖ್ಯ ಕಾರಣ. ಕೆಳಗೆ ಮೋಟರ್ ಸೈಕಲ್ ರಿಪೇರಿಯ ಗ್ಯಾರೇಜು, ಮೇಲೆ ನಾವು. ನಮ್ಮ ಮನೆಯಲ್ಲಿ ಯಾವ ಮಾತನ್ನೂ ಒಂದೇ ಉಸಿರಿಗೆ ಆಡಿ ಮುಗಿಸಿದ್ದಿಲ್ಲ. ಕೆಳಗೆ ಗಾಡಿ ಗುರ್ ಎಂದಾಗ ವಾಕ್ಯವನ್ನು ಅಲ್ಲಿಗೇ ನಿಲ್ಲಿಸಿ, ಅದು ಸುಮ್ಮನಾದ ಮೇಲೆ ಮುಂದುವರಿಸುವುದು ರೂಢಿ. ಜಗಳಕ್ಕೆ ಇದು ಭಾರೀ ಅನುಕೂಲ. ನಡುವೆ ಸಿಗುವ ಬಿಡುವಿನಲ್ಲಿ ಇಬ್ಬರಿಗೂ ಹೊಸ ಹೊಸ ಮಾತು ಹೊಳೆಯುತ್ತಿದ್ದವು.

ಹೋದ ವರ್ಷ ಮಾಲಕರು ಬಂದು, "ಸರ, ದೀಪಾವಳಿ ಆದಮ್ಯಾಗ ಮನಿ ಕೆಡವಿ ಕಾಂಪ್ಲೆಕ್ಸ್ ಕಟ್ಟಸಾಂವ ಅದೇನಿ. ಅಷ್ಟರಾಗ ಒಂದ ವ್ಯವಸ್ಥಾ ಮಾಡ್ಕೋರಿ" ಅಂದರು. ನನ್ನ ಹೆಂಡತಿ ಸುವರ್ಣಾ ಅವರಿಗೆ ಚಹಾ ಕೊಟ್ಟು ಕಳಿಸಿ ಬಾಗಿಲು ಹಾಕಿದವಳೇ, "ಇನ್ನ ಬಾಡಿಗಿ ಮನಿ ಸಾಕ್ರಿ. ಸ್ವಂತದ್ದ ನೋಡೂಣು" ಎಂದಳು. ಆಗ ಕೆಳಗೆ ಗಾಡಿ ಗುರ್ ಎಂದದ್ದರಿಂದ ಬೇಡ ಎನ್ನಲು ನನಗೆ ಅವಕಾಶ ಸಿಗಲಿಲ್ಲ. ದುಡ್ಡಿನ ವಿಷಯ ಇಲ್ಲಿ ತೆಗೆಯುವುದಿಲ್ಲ. ಅದನ್ನು ಬ್ಯಾಂಕಿನವರು ನನ್ನ ನಿವೃತ್ತಿಯವರೆಗೂ ಮರೆಯದೆ ನೆನಪಿಸುತ್ತಾರೆ.

ಅಥಣಿ ರಸ್ತೆಯಲ್ಲಿ ಸ್ವಲ್ಪ ದೂರ ಹೋಗಿ ಒಳಗೆ ಹೊರಳಿದರೆ ಒಂದು ಹಳೆಯ ಕೆರೆ. ನಾನು ಡಿಗ್ರಿ ಓದುವಾಗ ಅದರ ನಟ್ಟನಡುವೆ ಹುಡುಗರು ಕ್ರಿಕೆಟ್ ಆಡುತ್ತಿದ್ದರು. ಚೆಂಡು ಕಳೆದರೆ ಜಾಲಿಕಂಟಿಯಲ್ಲಿ ಹುಡುಕಬೇಕಾಗುತ್ತಿತ್ತು. ಈಗ ಕಾಲುವೆಯ ನೀರು ತಂದು ತುಂಬಿಸುತ್ತಾರೆ. ಕೆರೆ ತುಂಬಿದ್ದೇ ತಡ, ಅದರ ದಂಡೆ ಶ್ರೀಮಂತರ ಬಡಾವಣೆಯಾಗಿಬಿಟ್ಟಿತು. ಹೆಸರು ಜಲದರ್ಶನ. ಡಾಕ್ಟರು, ಕಂತ್ರಾಟದಾರರು, ಒಣದ್ರಾಕ್ಷಿಯ ವ್ಯಾಪಾರಿಗಳು, ಹೀಗೆ ಅಲ್ಲಿ ಎಲ್ಲರೂ ದೊಡ್ಡವರೇ. ಬಡಾವಣೆಗೆ ಒಂದು ಗೇಟು, ಗೇಟಿಗೆ ಒಬ್ಬ ಕಾವಲುಗಾರ, ಕಾವಲುಗಾರನಿಗೆ ಒಂದು ಸೀಟಿ. ಬೆಳಿಗ್ಗೆ ಅಲ್ಲಿಯ ಜನ ಬಿಳಿ ಬೂಟು ಹಾಕಿಕೊಂಡು ಕೈ ಬೀಸುತ್ತ ಕೆರೆಯ ಸುತ್ತ ನಡೆಯುತ್ತಾರೆ. ಎಲ್ಲಿಗೂ ಹೋಗುವುದಿಲ್ಲ, ಸುತ್ತಿ ಬಂದು ಹೊರಟಲ್ಲಿಗೇ ಸೇರುತ್ತಾರೆ. ದಿನವೂ ಬಸ್ಸಿಗಾಗಿ ಓಡುವ ನನಗೆ, ಏನನ್ನೂ ಹಿಡಿಯಲಿಕ್ಕಿಲ್ಲದೆ ಹೀಗೆ ನಡೆಯುವುದೇ ಪರಮ ಶ್ರೀಮಂತಿಕೆ ಎನಿಸಿತು. ಆ ಬಡಾವಣೆಯ ತೀರ ಅಂಚಿನಲ್ಲಿ, ಎಲ್ಲಕ್ಕಿಂತ ಚಿಕ್ಕ ಮನೆಯೊಂದು ಮಾರಾಟಕ್ಕಿತ್ತು. ಏಜೆಂಟನು ಹಾಲಿನ ಕಿಟಕಿ ತೆರೆದು, "ನೋಡ್ರಿ ಸರ, ಕೆರಿ" ಎಂದ. ನೋಡಿದೆ. ಪೂರಾ ಕೆರೆಯಲ್ಲ, ಮುಂದಿನ ಡಾಕ್ಟರರ ಮನೆಯ ಮೇಲಿನ ನೀರಿನ ಟಾಕಿ ಮುಚ್ಚಿದ್ದನ್ನು ಬಿಟ್ಟು ಉಳಿದ ಕೆರೆ. ಆದರೂ ಎಷ್ಟೊಂದು ನೀರು! ನಾನು ಮನೆಯ ಉಳಿದ ಕೋಣೆಗಳನ್ನು ನೋಡಲೇ ಇಲ್ಲ. ಬಚ್ಚಲು ಯಾವ ಕಡೆ ಇತ್ತು ಎಂದು ಸುವರ್ಣಾ ಕೇಳಿದಾಗ, "ಇರ್ತೈತಿ ಬಿಡು, ಬಚ್ಚಲ ಇಲ್ದ ಯಾರ ಮನಿ ಕಟ್ತಾರ?" ಎಂದುಬಿಟ್ಟೆ.

ಇಷ್ಟಕ್ಕೇ ನಿಂತಿದ್ದರೆ ಚೆನ್ನಾಗಿತ್ತು. ಮರುದಿನ ಬಸ್ಸಿನಲ್ಲಿ ಸಿದ್ದಪ್ಪನ ಮುಂದೆ ಬಾಯಿಬಿಟ್ಟೆ. ಸಿದ್ದಪ್ಪ ನಮ್ಮ ಶಾಲೆಯ ಗಣಿತದ ಮಾಸ್ತರ. ಅವನಿಗೆ ಹೇಳಿದರೆ ಧ್ವನಿವರ್ಧಕಕ್ಕೆ ಹೇಳಿದ ಹಾಗೆ. ಬಸ್ಸು ಬಬಲೇಶ್ವರ ಮುಟ್ಟುವಷ್ಟರಲ್ಲಿ ಕಂಡಕ್ಟರನೂ ಸೇರಿ ಎಲ್ಲರಿಗೂ ನಾನು ಕೆರೆ ದಂಡೆಯ ಸಾಹುಕಾರನಾಗಿದ್ದೆ. "ಕೆರಿ ದಂಡಿಗೆ ಮನಿ ತಗೊಂಡಾರಂತ, ಸರಿರ್ರಿ, ಸರಗ ಕಿಟಕಿ ಸೀಟ ಕೊಡ್ರಿ" ಎಂದು ಯಾರೋ ಎದ್ದು ಜಾಗ ಬಿಟ್ಟರು. ನಾನು ಕೂತೆ. ಇನ್ನೂ ನೋಡಿದ್ದಷ್ಟೇ, ತೆಗೆದುಕೊಂಡಿಲ್ಲ ಎಂದು ಹೇಳಲು ಎದ್ದು ನಿಲ್ಲಬೇಕಾಗುತ್ತಿತ್ತು. ಕಿಟಕಿಯ ಸೀಟು ಸಿಕ್ಕವರು ಯಾರಾದರೂ ಏಳುತ್ತಾರೆಯೆ?

ಮನೆಯಲ್ಲಿ ಸುವರ್ಣಾ ಬೇರೆಯೇ ಮನೆ ನೋಡಿ ಬಂದಿದ್ದಳು. ಅವಳು ತಿಕೋಟಾದವಳು. ಅಲ್ಲಿ ದ್ರಾಕ್ಷಿಯ ತೋಟ, ತೋಟದಾಚೆ ಗೋಡೆಯಿಲ್ಲದ ಒಣಶೆಡ್ಡು, ಶೆಡ್ಡಿನ ಬಲೆಗಳ ಮೇಲೆ ಹಸಿ ದ್ರಾಕ್ಷಿ ಹಾಸಿದರೆ ಗಾಳಿಯೇ ಒಣಗಿಸಿ ಕೊಡಬೇಕು. ಒಣಗಿದ ಮೇಲೇ ಯಾವುದಕ್ಕಾದರೂ ಬೆಲೆ ಎಂಬ ನಂಬಿಕೆ ಆ ಮನೆಯವರ ರಕ್ತದಲ್ಲಿದೆ. ನಮ್ಮ ಮನೆಗೆ ಬಂದ ಮೇಲೂ ಅವಳು ಮೆಣಸಿನಕಾಯಿ, ಮೆಂತ್ಯದ ಸೊಪ್ಪು, ಸಂಡಿಗೆ, ಶಾವಿಗೆ, ಕೈಗೆ ಸಿಕ್ಕಿದ್ದನ್ನೆಲ್ಲ ಮಾಳಿಗೆಯ ಮೇಲೆ ಒಣಹಾಕುತ್ತಾಳೆ. ರವಿವಾರ ನಾನು ಬಿಸಿಲಿಗೆ ಕೂತರೆ ಒಂದೆರಡು ಸಲ ಮಗ್ಗಲು ಹೊರಳಿಸಿಯಾಳು ಎಂದು ಹೆದರಿಕೆ. ಅವಳು ನೋಡಿದ್ದು ಅಥಣಿ ರಸ್ತೆಯ ದಿಬ್ಬದ ಮೇಲಿನ ಮನೆ. ಅಲ್ಲಿಂದ ಕಾಣುವುದು ಎದುರಿನ ಮನೆಯ ಗೋಡೆ ಮಾತ್ರ. ಆದರೆ ತಿಕೋಟಾದ ಬಸ್ಸು ಬಾಗಿಲಲ್ಲೇ ನಿಲ್ಲುತ್ತದೆ. ಗಾಳಿಯಂತೂ ತಾಟು ಹಾರಿಸಿಕೊಂಡು ಹೋಗುವಂಥದ್ದು.

"ನಿಮ್ಮ ಜಲದರ್ಶನದಾಗ ಮಾಳಗಿ ಮ್ಯಾಲ ಏನೂ ಒಣಾ ಹಾಕೂ ಹಂಗಿಲ್ಲಂತ, ನಾ ಗೇಟಿಗೆ ಹೋಗಿ ಕೇಳಿದ್ದಕ್ಕ ಕಾವಲ್ಯಾ ಹೇಳಿದ. ಚಂದ ಕಾಣ್ಸೂದಿಲ್ಲಂತ. ಅದೂ ಹೋಗ್ಲಿ. ಆ ಥಂಡಿ ಹವಾದಾಗ ನನ್ನ ಖಡಕ್ ರೊಟ್ಟಿ ಏನಾಗ್ಬೇಕ್ರಿ?" ಎಂದಳು.

ಇದು ಸಣ್ಣ ಪ್ರಶ್ನೆಯಲ್ಲ. ನಮ್ಮ ಕಡೆ ಜೋಳದ ರೊಟ್ಟಿಯನ್ನು ತೆಳ್ಳಗೆ ಬಡಿದು, ಸುಟ್ಟು, ಒಣಗಿಸಿ, ಒಂದರ ಮೇಲೊಂದು ಪೇರಿಸಿ ಇಟ್ಟರೆ ತಿಂಗಳಾದರೂ ಕೆಡುವುದಿಲ್ಲ. ಮುರಿದರೆ ಕಟ್ ಎಂದು ಸದ್ದಾಗಬೇಕು. ಆ ಸದ್ದು ಪಡಸಾಲೆಯಲ್ಲಿ ಕೂತ ಬೀಗರಿಗೆ ಕೇಳಿಸಬೇಕು. ಯಾರ ಮನೆಯ ಖಡಕ್ ರೊಟ್ಟಿ ಮೆತ್ತಗಾಯಿತೋ ಆ ಮನೆಯ ಹೆಂಗಸು ಓಣಿಯಲ್ಲಿ ತಲೆ ಎತ್ತಿ ನಡೆಯುವ ಹಾಗಿಲ್ಲ. ನನ್ನ ಮರ್ಯಾದೆ ಬಬಲೇಶ್ವರದ ಬಸ್ಸಿನಲ್ಲಿ ಸಿಕ್ಕಿಕೊಂಡಿತ್ತು, ಅವಳದು ರೊಟ್ಟಿಯ ಡಬ್ಬಿಯಲ್ಲಿ. ಎರಡೂ ಒಂದೇ ಮನೆಯಲ್ಲಿ ಹಿಡಿಸುವ ಲಕ್ಷಣ ಕಾಣಲಿಲ್ಲ. ಗಣೇಶನ ಹಬ್ಬ ಮುಗಿಯಿತು, ದೀಪಾವಳಿ ಹತ್ತಿರ ಬಂತು, ಕೆಳಗಿನ ಗ್ಯಾರೇಜಿನವನು ಸಾಮಾನು ಸಾಗಿಸಲು ಶುರುಮಾಡಿದ. ನಾವಿಬ್ಬರೂ ಅಲ್ಲಿಯೇ ನಿಂತಿದ್ದೆವು. ಕೊನೆಗೆ ಸುವರ್ಣಾ ತಿಕೋಟಾಕ್ಕೆ ಫೋನು ಮಾಡಿ ತಾಯಿಯನ್ನು ಕರೆಸಿದಳು. ತೀರ್ಪು ಏನು ಬರುತ್ತದೆಂದು ನನಗೆ ಆಗಲೇ ಗೊತ್ತಾಯಿತು.

ನನ್ನ ಅತ್ತೆ ಗೌರವ್ವ ಒಣಶೆಡ್ಡಿನ ಗಾಳಿಯಲ್ಲೇ ಬಾಳಿದವರು. ಬಂದವರು ಕಾಲಿಗೆ ನೀರು ಹಾಕಿಕೊಂಡು, ಇಬ್ಬರ ವಾದವನ್ನೂ ಕೇಳಿ, ಎಲೆ ಅಡಿಕೆ ಹಾಕಿಕೊಂಡು ಹೇಳಿದರು: "ಬಾಯಿ ಮಾತ ಯಾಕ ಬೇಕ್ರಿ ಮಾಸ್ತರ್ರ? ನಮ್ಮ ಮನ್ಯಾಗ ಹೊಸಾ ಜಾಗಾದಾಗ ಶೆಡ್ ಹಾಕೂ ಮೊದ್ಲ ಒಂದ ಬೊಗಸಿ ಒಣದ್ರಾಕ್ಷಿ ಅಲ್ಲಿ ಬಿಚ್ಚಿ ಇಟ್ಟ ಬರ್ತೇವಿ. ಮುಂಜಾನೆ ಹೋಗಿ ಹಿಚಕಿ ನೋಡಿದ್ರ ಜಾಗಾ ತಾನ ಹೇಳ್ತೈತಿ. ಮನಿಗೂ ಅದ. ಎರಡೂ ಮನ್ಯಾಗ ರೊಟ್ಟಿ ಇಟ್ಟ ಬರೂಣು. ಎಲ್ಲಿ ರೊಟ್ಟಿ ಖಡಕ್ ಉಳೀತೈತಿ ಅಲ್ಲಿ ಇರೂದು."

ಗಾಳಿಯ ಆರ್ದ್ರತೆ ಎಂಬ ಪಾಠವನ್ನು ಅದೇ ವಾರ ತರಗತಿಯಲ್ಲಿ ಮುಗಿಸಿದ್ದೆ. ಜಲಾಶಯಗಳ ಸಮೀಪದಲ್ಲಿ ಹವೆಯು ತೇವಾಂಶದಿಂದ ಕೂಡಿರುತ್ತದೆ ಎಂದು ಮಕ್ಕಳ ಬಾಯಲ್ಲಿ ಮೂರು ಮೂರು ಸಲ ಹೇಳಿಸಿದವನು ನಾನೇ. ಆದರೂ ಹಿರಿಯರ ಮಾತಿಗೆ ಇಲ್ಲ ಎನ್ನುವುದು ಹೇಗೆ? ಎರಡೂ ಮನೆಯ ಕೀಲಿ ತಂದೆ. ಪ್ರಶ್ನೆಪತ್ರಿಕೆ ಮೊದಲೇ ಗೊತ್ತಿದ್ದೂ ಫೇಲಾಗುವ ವಿದ್ಯಾರ್ಥಿಯ ಮುಖ ಮಾಡಿಕೊಂಡು ಅವರ ಹಿಂದೆ ಹೊರಟೆ.

ಮೊದಲು ದಿಬ್ಬದ ಮನೆ. ಅಡುಗೆ ಕಟ್ಟೆಯ ಮೇಲೆ ತಾಟು, ತಾಟಿನಲ್ಲಿ ರೊಟ್ಟಿ, ಕಿಟಕಿ ತೆರೆದಿಟ್ಟು ಬಂದೆವು. ಆಮೇಲೆ ಜಲದರ್ಶನ. ಅಲ್ಲಿಯೂ ಹಾಗೆಯೇ ತಾಟು ಇಟ್ಟಾಯಿತು. ಹೊರಗೆ ಬಂದ ಅತ್ತೆ ಆಟೋ ಕಡೆಗೆ ಹೋಗುವ ಬದಲು ಕೆರೆಯ ಕಡೆಗೆ ಹೊರಳಿದರು. ಸಂಜೆಯ ಬಿಸಿಲು ನೀರಿನ ಮೇಲೆ ಬಿದ್ದಿತ್ತು. ಬೆಳ್ಳಕ್ಕಿಗಳು ಇಳಿಯುವ ಹೊತ್ತು. ಅವರು ದಂಡೆಯ ಕಲ್ಲಿನ ಮೇಲೆ ಕೂತು, ಸೀರೆ ಸ್ವಲ್ಪ ಎತ್ತಿ, ಎರಡೂ ಕಾಲು ನೀರಿಗೆ ಬಿಟ್ಟರು.

"ಮಾಸ್ತರ್ರ, ಈ ನೀರ ಏನ ಕೆಲಸಾ ಮಾಡ್ತೈತ್ರಿ?" ಎಂದು ಕೇಳಿದರು.

"ಅಂತರ್ಜಲ ಹೆಚ್ಚ ಮಾಡ್ತೈತ್ರಿ ಅತ್ತಿ" ಎಂದೆ, ಪಾಠದ ಧಾಟಿಯಲ್ಲಿ.

"ಅಂದ್ರ ಸುಮ್ನ ಕುಂತೈತಿ."

"ಹೂಂ ರಿ. ಸುಮ್ನ ಕುಂತೈತಿ."

ಅವರು ನೀರಿನೊಳಗೆ ಕಾಲು ಆಡಿಸಿದರು. ಆಮೇಲೆ ನೀರಿಗೇ ಹೇಳುವ ಹಾಗೆ ಹೇಳಿದರು: "ನಮ್ಮ ತ್ವಾಟದಾಗ ನೀರಂದ್ರ ಪೈಪಿನಾಗಿಂದ ಹನಿ ಹನಿ ಬೀಳೂದು. ಬ್ಯಾಸಗ್ಯಾಗ ಟ್ಯಾಂಕರ್ ಬಂದ್ರ ಗಿಡದ ಬುಡಕ್ಕ ಬಿಡೂಮಟಾ ಒಂದ ತಂಬಗಿ ಮುಟ್ಟಾಕ ಜೀವ ಆಗ್ತಿದ್ದಿಲ್ಲ. ಒಂದ ದಿನಾ ನೀರ ಸುಮ್ನ ಕುಂತದ್ದ ನಾ ನೋಡಿಲ್ಲ. ಇದ ನೋಡ್ರಿ, ಯಾರ ಹಂಗೂ ಇಲ್ದ ಹೆಂಗ ಮಲಗೈತಿ."

ಸುವರ್ಣಾ, "ಏಳ ಬೇ ಯವ್ವಾ, ಕತ್ತಲಾಕ್ಕೈತಿ" ಎಂದಳು. "ಕುಂದ್ರ ಇನ್ನ ಸ್ವಲ್ಪ" ಎಂದರು. ಇನ್ನೊಮ್ಮೆ ಕರೆದಳು. "ಕುಂದ್ರ ಅಂದ್ನೆಲ್ಲ" ಎಂದರು. ಕೊನೆಗೆ ಕಾವಲುಗಾರ ಸೀಟಿ ಊದಿದ ಮೇಲೆ ಎದ್ದರು. ಸೀರೆಯ ಅಂಚು ತೊಯ್ದಿತ್ತು, ಹಿಂಡಲಿಲ್ಲ. ನನಗೆ ಆ ಮುದುಕಿಯ ಮೇಲೆ ಅಂದು ಎಷ್ಟು ಪ್ರೀತಿ ಬಂತೆಂದರೆ, ಮನೆ ಕೈತಪ್ಪಿದರೂ ಅವರನ್ನು ತಿಂಗಳಿಗೊಮ್ಮೆ ಇಲ್ಲಿ ತಂದು ಕೂರಿಸಬೇಕು ಎಂದುಕೊಂಡೆ.

ಮರುದಿನ ನಸುಕಿನಲ್ಲಿ ಅಡುಗೆಮನೆಯಿಂದ ರೊಟ್ಟಿಯ ಹಂಚು ಕಾದ ವಾಸನೆ ಬಂತು. ನನ್ನ ಬುತ್ತಿಗೆ ಇರಬೇಕೆಂದು ಮಗ್ಗಲು ಹೊರಳಿದೆ. ಏಳುವಷ್ಟರಲ್ಲಿ ಅತ್ತೆ ಆಟೋ ಹತ್ತಿ ಕೂತಿದ್ದರು. ಮಡಿಲಲ್ಲಿ ಕೈಚೀಲ, ಚೀಲದ ಮೇಲೆ ಸೆರಗು. ಮೊದಲು ಜಲದರ್ಶನಕ್ಕೆ ಹೋದೆವು. ಕೀಲಿ ತೆಗೆದದ್ದೇ ಅವರು ನನ್ನನ್ನು ತಡೆದು, "ಹಿರೇರ ಮೊದ್ಲ ಬಲಗಾಲ ಇಟ್ಟ ಹೋಗ್ಬೇಕ್ರಿ. ನೀವಿಬ್ರೂ ಹೊರಗ ನಿಂದರ್ರಿ, ನಾ ಕರದಮ್ಯಾಗ ಬರ್ರಿ" ಎಂದರು. ನಿನ್ನೆ ಇಲ್ಲದ ಈ ಶಾಸ್ತ್ರ ಇಂದು ಎಲ್ಲಿಂದ ಬಂತು ಎಂದು ಯೋಚಿಸುವಷ್ಟರಲ್ಲಿ ಕರೆ ಬಂತು. ಕಟ್ಟೆಯ ಮೇಲೆ ತಾಟು, ತಾಟಿನಲ್ಲಿ ರೊಟ್ಟಿ. ಸುವರ್ಣಾ ಮೇಲಿನದನ್ನು ಎತ್ತಿ ಮುರಿದಳು. ಕಟ್! ಖಾಲಿ ಮನೆಯಲ್ಲಿ ಪಟಾಕಿ ಹೊಡೆದಂತಾಯಿತು. ನನ್ನ ಪಾಠ, ಆರ್ದ್ರತೆ, ಎಲ್ಲ ಸುಳ್ಳಾಯಿತೇ ಎಂದು ನಾನೂ ಒಂದನ್ನು ಎತ್ತಿಕೊಂಡೆ.

ರೊಟ್ಟಿ ಬೆಚ್ಚಗಿತ್ತು.

ಪರೀಕ್ಷೆಯ ಮೇಲ್ವಿಚಾರಣೆಯಲ್ಲಿ ನನಗೆ ಬಹಳ ಕೆಟ್ಟ ಹೆಸರಿದೆ, ಅಂದರೆ ಒಳ್ಳೆಯ ಹೆಸರಿದೆ. ಅಂಗಿಯ ತೋಳಿನೊಳಗಿನ ಚೀಟಿಯನ್ನು ಬಾಗಿಲಿನಿಂದಲೇ ಪತ್ತೆ ಹಚ್ಚುವವನು ನಾನು. ರಾತ್ರಿಯಿಡೀ ತಣ್ಣನೆಯ ಕಟ್ಟೆಯ ಮೇಲೆ ಕೂತ ರೊಟ್ಟಿ ಬೆಳಿಗ್ಗೆ ಬೆಚ್ಚಗೆ ಇರುವುದು ಯಾವ ಶಾಸ್ತ್ರದಲ್ಲೂ ಇಲ್ಲ. ಅತ್ತೆಯ ಕಡೆ ನೋಡಿದೆ. ಅವರು ಕಿಟಕಿಯ ಹೊರಗೆ ಕೆರೆಯನ್ನು ನೋಡುತ್ತಿದ್ದರು. ಚೀಲದ ಬಾಯಿಂದ ನಿನ್ನೆಯ ರೊಟ್ಟಿಯೊಂದರ ಅಂಚು ತೊಯ್ದ ಅರಿವೆಯ ಹಾಗೆ ಜೋತುಬಿದ್ದಿತ್ತು. ಪರೀಕ್ಷೆ ಇಟ್ಟವರೇ ಕಾಪಿ ಹೊಡೆದಿದ್ದರು! ನನ್ನ ಸರ್ವೀಸಿನಲ್ಲಿ ಮೊದಲ ಸಲ ನಾನು ಹಿಡಿದ ನಕಲನ್ನು ಬಿಟ್ಟುಬಿಟ್ಟೆ. "ಫಸ್ಟ್ ಕ್ಲಾಸ್ ಅದಾವ್ರಿ ಅತ್ತಿ" ಎಂದು ಹೇಳಿ, ಬಿಸಿಯನ್ನು ಗಮನಿಸದಂತಿದ್ದ ಸುವರ್ಣಾ ಇನ್ನೊಂದನ್ನು ಮುಟ್ಟುವ ಮೊದಲೇ ತಾಟಿನಲ್ಲಿದ್ದ ಸಾಕ್ಷ್ಯವನ್ನೆಲ್ಲ ಗಡಿಬಿಡಿಯಿಂದ ತಿಂದು ಮುಗಿಸಿದೆ. ಪಲ್ಯವಿಲ್ಲ, ನಂಜಿಕೊಳ್ಳಲು ಹಿಂಡಿಯಿಲ್ಲ, ಗಂಟಲು ಹಿಡಿದು ಕಣ್ಣಲ್ಲಿ ನೀರು ಬಂತು. ಅದನ್ನು ಆನಂದಬಾಷ್ಪ ಎಂದೂ ತಿಳಿಯಬಹುದಿತ್ತು, ಅರ್ಧ ನಿಜವೇ.

ದಿಬ್ಬದ ಮನೆಯ ರೊಟ್ಟಿ ಯಾವ ಸಹಾಯವೂ ಇಲ್ಲದೆ ಖಡಕ್ಕಾಗಿಯೇ ಇತ್ತು, ಮೇಲೆ ಒಂದು ಪದರ ರಸ್ತೆಯ ಧೂಳು ಬೇರೆ. ಅತ್ತೆ ಧೂಳು ಕೊಡವಿ ತೀರ್ಪು ಕೊಟ್ಟರು: "ಎರಡೂ ಪಾಸ್ ಆದ್ವು. ಹಂಗಂದಮ್ಯಾಗ ನೀರಿದ್ದಲ್ಲಿ ಹೋಗೂದು ಚಲೋ." ಸುವರ್ಣಾ ವಾದ ಮಾಡುತ್ತಾಳೆ ಎಂದು ಕಾದೆ. "ಆತ ಬಿಡ್ರಿ, ರೊಟ್ಟಿನ ಹೇಳಿದ ಮ್ಯಾಲ ಮುಗೀತು" ಎಂದು ಅವಳು ಆಟೋ ಹತ್ತಿದಳು.

ದೀಪಾವಳಿಯ ಹಣತೆಯನ್ನು ಕೆರೆಯ ದಂಡೆಯಲ್ಲೇ ಹಚ್ಚಿದೆವು. ಎಂಥ ಸಂಭ್ರಮ! ಮನೆ ತೋರಿಸಲೆಂದೇ ಸಿದ್ದಪ್ಪನನ್ನು ಕರೆದು ಊಟ ಹಾಕಿದೆ. ಗೇಟಿನ ಕಾವಲುಗಾರ ಒಮ್ಮೆ ನನಗೆ ಫೋನು ಮಾಡಿ, "ಸರ, ನಿಮ್ಮ ಅತ್ತಿಯವರು ತಿಕೋಟಾದಿಂದ ಬಂದಾರ, ಒಳಗ ಬಿಡ್ಲ್ಯಾ?" ಎಂದು ಕೇಳಿದ. ಅತ್ತೆಯನ್ನು ಬಿಡಬೇಕೋ ಬೇಡವೋ ಎಂದು ಅಳಿಯನನ್ನು ಕೇಳುವ ಬಡಾವಣೆ ಇಡೀ ಜಿಲ್ಲೆಯಲ್ಲಿ ಇದೊಂದೇ ಇರಬೇಕು. ಆ ಅಧಿಕಾರವನ್ನು ಸ್ವಲ್ಪ ಹೊತ್ತು ಚಪ್ಪರಿಸಿ, "ಬಿಡ್ರಿ" ಎಂದೆ.

ರೊಟ್ಟಿ? ನಿರೀಕ್ಷಿಸಿದಂತೆಯೇ ಆಯಿತು. ರಾತ್ರಿ ಡಬ್ಬಿಗೆ ಹಾಕಿದ್ದನ್ನು ಬೆಳಿಗ್ಗೆ ಕರವಸ್ತ್ರದ ಹಾಗೆ ಮಡಚಿ ಕಿಸೆಯಲ್ಲಿ ಇಟ್ಟುಕೊಳ್ಳಬಹುದು. ಅದಕ್ಕೆ ಸುವರ್ಣಾ ಒಂದು ದಾರಿ ಕಂಡುಕೊಂಡಳು. ನಮ್ಮ ಮನೆಯ ಖಡಕ್ ರೊಟ್ಟಿ ಈಗ ಬಬಲೇಶ್ವರದಲ್ಲಿ ವಾಸವಾಗಿದೆ. ಶಾಲೆಯ ಕಪಾಟಿನಲ್ಲಿ, ಭೂಗೋಳದ ನಕಾಶೆಗಳ ಪಕ್ಕದಲ್ಲಿ, ದೊಡ್ಡದೊಂದು ಸ್ಟೀಲ್ ಡಬ್ಬಿ. ಅಲ್ಲಿಯ ಒಣ ಹವೆಗೆ ಅದು ಗರಿಗರಿಯಾಗಿರುತ್ತದೆ. ದಿನಾ ಸಂಜೆ ಆ ದಿನದ ಊಟಕ್ಕೆ ಬೇಕಾದಷ್ಟನ್ನು ಬಸ್ಸಿನಲ್ಲಿ ಎದೆಗೆ ಅವಚಿಕೊಂಡು ತರುವುದು ನನ್ನ ಕೆಲಸ. ಸಿದ್ದಪ್ಪ ಬಿಡುವಿನ ಪಿರಿಯಡ್ಡಿನಲ್ಲಿ ಕಪಾಟಿಗೆ ಕೈ ಹಾಕುತ್ತಾನೆಂಬ ಗುಮಾನಿ ಇದೆ. ಬಸ್ಸಿನವರು ಈಗಲೂ ನನಗೆ ಸೀಟು ಬಿಡುತ್ತಾರೆ. ಮೊದಲಿನ ಹಾಗೆ ಸಾಹುಕಾರನೆಂದಲ್ಲ, "ಸರಿರ್ರಿ, ಸರನ ರೊಟ್ಟಿ ಮುರದಾವು" ಎಂದು.

ಒಂದು ದಿನ ಮನಸ್ಸು ತಡೆಯದೆ ಸುವರ್ಣಾಳಿಗೆ ಬೆಚ್ಚನೆಯ ರೊಟ್ಟಿಯ ಗುಟ್ಟನ್ನು ಹೇಳಿಬಿಟ್ಟೆ. ನಿನ್ನ ತಾಯಿ ಮೋಸ ಮಾಡಿದರು, ನಾನು ಹಿಡಿದೂ ದೊಡ್ಡ ಮನಸ್ಸು ಮಾಡಿ ಬಿಟ್ಟೆ ಎಂದು ಸ್ವಲ್ಪ ಗತ್ತಿನಿಂದಲೇ ಹೇಳಿದೆ. ಅವಳು ನಗುತ್ತ ಕೂತುಬಿಟ್ಟಳು. "ಹಂಚ ಇಟ್ಟಾಕಿ ನಾನ ರೀ. ಅವ್ವಗ ನಸುಕಿನ್ಯಾಗ ಕಣ್ಣ ಕಾಣೂದಿಲ್ಲ. ನೀವ್ ಬಸ್ಸಿನ್ಯಾಗ ಎಲ್ಲಾರಿಗೂ ಹೇಳಿ ಬಂದಿದ್ರಿ, ಸಿದ್ದಪ್ಪ ಸರ್ ಮನಿಯವ್ರು ನನಗ ಫೋನ್ ಮಾಡಿ ಪೇಢೆ ಯಾವಾಗ ಅಂದ್ರು. ಅಷ್ಟರಾಗ ಆವತ್ತ ಕೆರಿ ದಂಡಿಗೆ ಅವ್ವನ ಮಾರಿ ನೋಡ್ದೆ. ನಂದೊಂದ ರೊಟ್ಟಿ ಮೆತ್ತಗಾದ್ರ ಆಗ್ಲಿ ಬಿಡು ಅಂದ್ಕೊಂಡೆ. ಆದ್ರ ನೀವ್ ಅಷ್ಟೂ ರೊಟ್ಟಿ ಒಣಾ ಒಣಾ ನುಂಗೂದ ನೋಡಿ ನಮಗಿಬ್ಬರಿಗೂ ನಗಿ ತಡಕೊಳ್ಳೂದ ಸಾಕ ಸಾಕಾತ ನೋಡ್ರಿ" ಎಂದಳು. ನಾನು ಮೇಲ್ವಿಚಾರಕನೆಂದು ತಿಳಿದಿದ್ದ ಕೋಣೆಯಲ್ಲಿ ಅಷ್ಟು ಹೊತ್ತೂ ಪರೀಕ್ಷೆ ಬರೆದವನು ನಾನೇ ಎಂದಾಯಿತು.

ಗೇಟಿನಿಂದ ಫೋನು ಮಾಡಿಸಿಕೊಂಡು ಒಳಗೆ ಬಂದ ಅತ್ತೆ ಎರಡು ದಿನವೆಂದು ಬಂದಿದ್ದರು. ಸಂಕ್ರಾಂತಿ ಕಳೆದರೂ ತಿಕೋಟಾದ ಸುದ್ದಿ ಎತ್ತಿಲ್ಲ. ಹಾಲಿನ ಕಿಟಕಿಗೆ ಹಾಕಿದ ಆರಾಮ ಕುರ್ಚಿ ಅವರದಾಗಿದೆ. ಬೆಳಿಗ್ಗೆ ಸಂಜೆ ಅಲ್ಲಿ ಕೂತು ಕೆಲಸವಿಲ್ಲದ ನೀರನ್ನು ತಾವೂ ಕೆಲಸವಿಲ್ಲದೆ ನೋಡುತ್ತಾರೆ. ಅವರನ್ನು ಏಳಿಸುವ ಧೈರ್ಯ ಕಾವಲುಗಾರನ ಸೀಟಿಗೂ ಈಗ ಉಳಿದಿಲ್ಲ. ಪಕ್ಕದ ಕುರ್ಚಿ ಸುವರ್ಣಾಳದು. ಬಿಳಿ ಬೂಟು ಕೊಂಡಿದ್ದಾಳೆ, ಕೈ ಬೀಸಿ ನಡೆದು ಬಂದು ದಣಿವಾರಿಸಿಕೊಳ್ಳಲು ಅವಳಿಗೂ ಜಾಗ ಬೇಕಲ್ಲ. ನನಗೆ ಮೂಲೆಯ ಸ್ಟೂಲು ಇದೆ. ನೀರು ಕಂಡರೆ ಬುದ್ಧಿ ಕೈಗೆ ಸಿಗುವುದಿಲ್ಲ ಎಂದು ಮೊದಲೇ ಹೇಳಿದೆನಲ್ಲ, ಈಗ ಆ ಭಯ ಇಲ್ಲ. ಸ್ಟೂಲಿನಿಂದ ಕಾಣುವುದು ಡಾಕ್ಟರರ ಮನೆಯ ಟಾಕಿ ಮಾತ್ರ. ಅದರೊಳಗೂ ನೀರೇ ಇದೆ. ನಮ್ಮ ಕಾಲದ ಹಾಗೆ, ಮುಚ್ಚಳ ಹಾಕಿ ಇಟ್ಟ ನೀರು.